ವಲ್ವಾ ಕ್ಯಾನ್ಸರ್: ಕಡಿಮೆ ಕೊಯ್ಯೋದನ್ನು ಕಲಿತ ಕಥೆ

ಯೋನಿಯ ಹೊರತುಟಿಗಳಿರುವ ಜಾಗಕ್ಕೆ ಡಾಕ್ಟರುಗಳು ವಲ್ವಾ ಅಂತಾರೆ. ಅಲ್ಲಿ ಕ್ಯಾನ್ಸರ್ ಆಗುವುದು ಅಪರೂಪ. ಹೊರಗಿನ ಜಾಗ, ಕಣ್ಣಿಗೆ ಕಾಣುವ ಗಾಯ, ಬೇಗ ಗೊತ್ತಾಗಬೇಕಿತ್ತು ಅಲ್ವಾ? ಆಗುವುದಿಲ್ಲ. ಬಹಳ ಸಲ ಶುರುವಾಗುವುದು ಬರೀ ತುರಿಕೆಯಿಂದ. ಫಂಗಸ್ ಇರಬೇಕು ಅಂತ ಮುಲಾಮು ಹಚ್ಚುತ್ತಲೇ ತಿಂಗಳುಗಳು ಹೋಗುತ್ತವೆ. ಹೇಳಿಕೊಳ್ಳೋಕೆ ನಾಚಿಕೆ ಬೇರೆ. ಪರೀಕ್ಷೆಯೇನೋ ಸಣ್ಣದು: ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರೆ ಆಯಿತು.

ಈ ಕ್ಯಾನ್ಸರ್ ಮೊದಲು ಹಬ್ಬುವುದು ತೊಡೆಸಂದಿನ ದುಗ್ಧಗ್ರಂಥಿಗಳಿಗೆ, ಅಂದರೆ ಮೈಯ ನೀರನ್ನು ಸೋಸುವ ಪುಟ್ಟ ಗಂಟುಗಳಿಗೆ (ಲಿಂಫ್ ನೋಡ್). 1912ರಲ್ಲಿ ಫ್ರಾನ್ಸಿನ ಆಂತ್ವಾನ್ ಬಾಸೆ ಗಡ್ಡೆಯನ್ನೂ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ದಾರಿ ತೋರಿಸಿದರು. ಅಮೆರಿಕದ ಟೌಸಿಗ್, ಇಂಗ್ಲೆಂಡಿನ ಸ್ಟ್ಯಾನ್ಲಿ ವೇ ಅದನ್ನು ರೂಢಿಗೆ ತಂದರು. ಎರಡೂ ತೊಡೆಸಂದು, ನಡುವಿನ ಚರ್ಮ, ಇಡೀ ವಲ್ವಾ, ಎಲ್ಲ ಒಂದೇ ತುಂಡಾಗಿ ಹೊರಗೆ. ಕೊಯ್ದ ಜಾಗ ಚಿಟ್ಟೆಯ ಆಕಾರದಲ್ಲಿರುತ್ತಿತ್ತು. ಬದುಕುಳಿಯುವವರು ಜಾಸ್ತಿಯಾದರು, ಅದು ನಿಜ. ಆದರೆ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು. ವಾರಗಟ್ಟಲೆ ಆಸ್ಪತ್ರೆ ವಾಸ. ಗ್ರಂಥಿ ಹೋದ ಮೇಲೆ ನೀರು ಇಳಿಯದೆ ಕಾಲು ಊದುತ್ತಿತ್ತು, ಕೆಲವರಿಗೆ ಜೀವನಪೂರ್ತಿ. ದಾಂಪತ್ಯದ ಮಾತನ್ನಂತೂ ಆಗ ಕೇಳಿದವರೇ ಕಡಿಮೆ.

1981ರಲ್ಲಿ ನೆವಿಲ್ ಹ್ಯಾಕರ್ ಎಂಬ ಡಾಕ್ಟರು ಮತ್ತು ಜೊತೆಯವರು ಮೂರು ಬೇರೆ ಬೇರೆ ಗಾಯಗಳಲ್ಲಿ ಇದೇ ಆಪರೇಷನ್ ಮಾಡಿ ತೋರಿಸಿದರು: ಗಡ್ಡೆಗೊಂದು, ಎರಡು ತೊಡೆಸಂದಿಗೆ ಒಂದೊಂದು. ನಡುವೆ ಉಳಿಸಿದ ಚರ್ಮದಲ್ಲಿ ರೋಗ ಮರಳೀತು ಎಂಬ ಭಯವಿತ್ತು. ಸಣ್ಣ ಗಡ್ಡೆಗಳ ಮಟ್ಟಿಗೆ ಆ ಭಯ ಹೆಚ್ಚುಕಮ್ಮಿ ಸುಳ್ಳಾಯಿತು. ಈಗ ಗಡ್ಡೆ 2 ಸೆಂ.ಮೀ. ಒಳಗಿದ್ದು, ಚರ್ಮದೊಳಗೆ 1 ಮಿ.ಮೀ.ಗಿಂತ ಆಳಕ್ಕೆ ಇಳಿದಿರದಿದ್ದರೆ ತೊಡೆಸಂದನ್ನು ಮುಟ್ಟುವುದೇ ಇಲ್ಲ.

ದೊಡ್ಡ ತಿರುವು ಬಂದಿದ್ದು ಪುರುಷರ ಶಿಶ್ನದ ಕ್ಯಾನ್ಸರ್‌ನಿಂದ. ಪರಗ್ವೆಯ ರಮೋನ್ ಕಬಾನಾಸ್ 1977ರಲ್ಲಿ ಹೇಳಿದ ‘ಸೆಂಟಿನೆಲ್ ಗ್ರಂಥಿ’ಯ ವಿಚಾರ ಅದು. ರೋಗ ಹೊರಟರೆ ಮೊದಲು ಮುಟ್ಟುವ ಗ್ರಂಥಿಯನ್ನಷ್ಟೇ ಹುಡುಕಿ. ಅದು ಚೆನ್ನಾಗಿದ್ದರೆ ಉಳಿದವನ್ನು ಬಿಡಿ. ವಲ್ವಾದಲ್ಲಿ ಗಡ್ಡೆಯ ಸುತ್ತ ವಿಕಿರಣದ ದ್ರವವನ್ನೂ ನೀಲಿ ಬಣ್ಣವನ್ನೂ ಚುಚ್ಚುತ್ತಾರೆ. ಆಮೇಲೆ ತೊಡೆಸಂದಿನಲ್ಲಿ ಪುಟ್ಟ ಗಾಯ ಮಾಡಿ, ವಿಕಿರಣ ಸಿಕ್ಕಲ್ಲಿ ಸದ್ದು ಮಾಡುವ ಯಂತ್ರ ಹಿಡಿದು, ನೀಲಿಯಾದ ಗ್ರಂಥಿಯನ್ನು ಹುಡುಕಿ ತೆಗೆಯುತ್ತಾರೆ.

ಸುಮ್ನೆ ನಂಬುವ ವಿಷಯವಲ್ಲ ಇದು. ತೊಡೆಸಂದಿನಲ್ಲಿ ರೋಗ ಮರಳಿದರೆ ಬದುಕುವವರು ತೀರಾ ಕಮ್ಮಿ. 2008ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗನ್ ತಂಡದ ಮುಂದಾಳತ್ವದಲ್ಲಿ ನಡೆದ, 403 ಮಹಿಳೆಯರ ಅಧ್ಯಯನ ಹೊರಬಂತು. ಒಂದೇ ಗಡ್ಡೆಯಿದ್ದು ಸೆಂಟಿನೆಲ್ ಗ್ರಂಥಿ ಚೆನ್ನಾಗಿದ್ದವರಲ್ಲಿ ತೊಡೆಸಂದಿಗೆ ರೋಗ ಮರಳಿದ್ದು ಶೇ. 2.3 ಮಂದಿಗೆ. ಕಾಲೂತ ಶೇ. 1.9. ಎಲ್ಲ ಗ್ರಂಥಿ ತೆಗೆಸಿಕೊಂಡವರಲ್ಲಿ ಅದು ಶೇ. 25 ದಾಟಿತ್ತು.

ಸೆಂಟಿನೆಲ್‌ನಲ್ಲೇ ರೋಗ ಸಿಕ್ಕರೆ? ಅದೇ ತಂಡ 2021ರಲ್ಲಿ ಉತ್ತರ ಕೊಟ್ಟಿತು. ಸಿಕ್ಕಿದ್ದು 2 ಮಿ.ಮೀ. ಒಳಗಿದ್ದರೆ ರೇಡಿಯೇಷನ್ ಸಾಕು. ಅದಕ್ಕಿಂತ ದೊಡ್ಡದಾದರೆ ಗ್ರಂಥಿಗಳನ್ನು ತೆಗೆಯಲೇಬೇಕು.