ಕಣ್ಣಿನ ಹನಿ ಕಣ್ಣಲ್ಲೇ ನಿಲ್ಲುವುದಿಲ್ಲ

ಗ್ಲಾಕೋಮಾ, ಅಂದರೆ ದೃಷ್ಟಿನರ ಸವೆಯುತ್ತಾ ಹೋಗುವ ಕಾಯಿಲೆ, ಇದೆ ಎಂದು ಖಚಿತವಾದವರಿಗೆ ಹನಿ ಬರೆದುಕೊಡುವ ಮೊದಲು ನಾನು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಕಣ್ಣಿನವಲ್ಲ. ರಾತ್ರಿ ಹೊತ್ತು ದಮ್ಮು ಕಟ್ಟುತ್ತದೆಯೇ? ಬಿಪಿಗೆ ಯಾವ ಮಾತ್ರೆ? ನಾಡಿ ನಿಧಾನ ಎಂದು ಯಾರಾದರೂ ಹೇಳಿದ್ದಾರೆಯೇ? ಸಲ್ಫಾ ಮಾತ್ರೆ ನುಂಗಿ ಮೈಮೇಲೆ ಗಂದೆ ಎದ್ದಿತ್ತೇ? "ಕಣ್ಣು ತೋರ್ಸೋಕೆ ಬಂದ್ರೆ ದಮ್ಮಿನ ವಿಚಾರ ಯಾಕೆ ಸಾರ್?" ಎಂದು ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಬರುವವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಇವತ್ತಿನ ಅಂಕಣ ಪೂರ್ತಿ ಅದಕ್ಕೇ ಉತ್ತರ.

ಕಣ್ಣಿನ ಒಳಗೆ ಸಿಲಿಯರಿ ಬಾಡಿ ಎಂಬ ಭಾಗ ಹಗಲೂ ರಾತ್ರಿ ತಿಳಿಯಾದ ದ್ರವವೊಂದನ್ನು ಒಸರಿಸುತ್ತಲೇ ಇರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ನಮ್ಮ ಬಯಲುಸೀಮೆಯ ಕೆರೆಗೆ ತೂಬು, ಕೋಡಿ ಎಂದು ಎರಡು ದಾರಿ ಇರುವ ಹಾಗೆ ಈ ದ್ರವ ಹೊರಹೋಗಲೂ ಎರಡು ದಾರಿ. ಹೆಚ್ಚಿನ ಪಾಲು ಕಪ್ಪುಗುಡ್ಡೆ, ಬಿಳಿಗುಡ್ಡೆ ಸೇರುವ ಕೋನದಲ್ಲಿರುವ ಸೂಕ್ಷ್ಮ ರಂಧ್ರಗಳ ಅಂಗಾಂಶದ ಮೂಲಕ ಹರಿದುಹೋಗುತ್ತದೆ. ಉಳಿದದ್ದು ಒಳಗಿನ ಸ್ನಾಯುವಿನ ಎಳೆಗಳ ನಡುವೆ ಇಂಗುತ್ತದೆ. ಹೊರಹರಿವು ಕುಂದಿದರೆ ಒಳಗೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟಿರುವ ಇದನ್ನೇ ಜನ 'ಕಣ್ಣಿನ ಬಿಪಿ' ಎನ್ನುವುದು. ಒತ್ತಡ ಏರಿದಷ್ಟೂ ದೃಷ್ಟಿನರದ ಎಳೆಗಳು ಸಾಯುವ ಸಂಭವ ಹೆಚ್ಚು. ಕೆಲವರಲ್ಲಿ ಒತ್ತಡ ಮಿತಿಯೊಳಗಿದ್ದರೂ ನರ ಸವೆಯುತ್ತದೆ. ಸತ್ತ ನರ ಮರಳಿ ಬರುವುದಿಲ್ಲ. ಪೊರೆ ತೆಗೆಸಿದ ಮೇಲೆ ಕಂಡಂತೆ ಇಲ್ಲಿ ನೋಟ ಮರಳುವುದಿಲ್ಲ. ಹನಿ ಹಾಕುವುದು ಉಳಿದ ನೋಟವನ್ನು ಕಾಯಲು. "ಹಾಕಿದರೂ ಏನೂ ಗೊತ್ತಾಗ್ತಿಲ್ಲ" ಎಂದು ಎಷ್ಟೋ ಜನ ನಡುವೆ ಬಿಟ್ಟುಬಿಡುವುದು ನನ್ನನ್ನು ಬಹಳ ನೋಯಿಸುತ್ತದೆ.

ಈಗ ನಾವು ಮೊದಲು ಬರೆಯುವುದು ಹೆಚ್ಚಾಗಿ ಲ್ಯಾಟನೊಪ್ರೋಸ್ಟ್ ಬಳಗದ ಹನಿ. ರಾತ್ರಿ ಒಂದೇ ಸಲ. ಇದು ಎರಡನೆಯ ದಾರಿಯನ್ನು ಸಡಿಲಿಸಿ ದ್ರವ ಹೆಚ್ಚು ಇಂಗುವಂತೆ ಮಾಡುತ್ತದೆ. ಕಣ್ಣು ಸ್ವಲ್ಪ ಕೆಂಪಾಗಬಹುದು, ರೆಪ್ಪೆಗೂದಲು ಉದ್ದವಾಗಬಹುದು, ಕಣ್ಣಿನ ಸುತ್ತ ಚರ್ಮ ಕಪ್ಪಾಗಬಹುದು. ದೇಹದ ಉಳಿದ ಭಾಗಕ್ಕೆ ಇದರ ತೊಂದರೆ ಕಡಿಮೆ. ಬ್ರಿಮೊನಿಡಿನ್ ಎಂಬ ಇನ್ನೊಂದು ಹನಿ ಬಾಯಿ ಒಣಗಿಸಿ ತೂಕಡಿಕೆ ತರಬಹುದು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಉಸಿರಾಟವನ್ನೇ ಕುಗ್ಗಿಸಬಲ್ಲದು. ಆದ್ದರಿಂದ ಮೊಮ್ಮಕ್ಕಳಿರುವ ಮನೆಯಲ್ಲಿ ಬಾಟಲಿ ಕೈಗೆ ಸಿಗದ ಹಾಗಿರಲಿ.

ನನಗೆ ಹೆಚ್ಚು ಚಿಂತೆ ಟಿಮೊಲಾಲ್‌ನದು. ಒಳ್ಳೆಯ ಔಷಧ, ಅಗ್ಗದ್ದು, ದಶಕಗಳಿಂದ ಲಕ್ಷಾಂತರ ಕಣ್ಣು ಉಳಿಸಿದೆ. ದ್ರವ ಒಸರುವುದನ್ನೇ ಇದು ತಗ್ಗಿಸುತ್ತದೆ. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ಗಳ ಬಳಗದ್ದೇ ಇದು, ಬೀಟಾ ಬ್ಲಾಕರ್. ಕಣ್ಣಿಗೆ ಬಿದ್ದ ಹನಿಯಲ್ಲಿ ಸ್ವಲ್ಪ ಮಾತ್ರ ಒಳಗೆ ಇಳಿಯುತ್ತದೆ. ಉಳಿದದ್ದು ಮೂಗಿನ ಪಕ್ಕದ ಮೂಲೆಯಲ್ಲಿರುವ ಕಣ್ಣೀರಿನ ನಾಳದಿಂದ ಮೂಗಿಗೆ, ಅಲ್ಲಿಂದ ನೇರ ರಕ್ತಕ್ಕೆ. ನುಂಗಿದ ಮಾತ್ರೆ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ಒಂದು ಪಾಲು ಕರಗುತ್ತದೆ. ಹನಿಗೆ ಆ ತಡೆ ಇಲ್ಲ. ಶೇ 0.5ರ ಒಂದು ಹನಿಯಲ್ಲಿರುವುದು ಸುಮಾರು ಕಾಲು ಮಿಲಿಗ್ರಾಂ. ಉಬ್ಬಸ ಇರುವವರ ಶ್ವಾಸನಾಳ ಬಿಗಿಯಲು, ಮೊದಲೇ ನಿಧಾನವಿರುವ ಎದೆಬಡಿತ ಇನ್ನೂ ಇಳಿಯಲು ಅಷ್ಟೇ ಸಾಕಾಗಬಹುದು. ಜೀವಕ್ಕೇ ಕುತ್ತು ಬಂದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿದಾಗ ಆಗುವ ನಡುಕ, ಎದೆ ಡವಗುಟ್ಟುವಿಕೆಯನ್ನು ಇದು ಮರೆಮಾಡಲೂಬಹುದು.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸದಲ್ಲಿರುವವರಿಗೆ ಗೂಡಿನ ಪ್ರೋಟೀನು, ಹಬೆ, ದೂಳಿನಿಂದ ಉಬ್ಬಸ ಬರುವುದು ಗೊತ್ತಿರುವ ವಿಷಯ. ಅವರಲ್ಲಿ ಹಲವರು ಅದನ್ನು ಕಾಯಿಲೆ ಎಂದೇ ಎಣಿಸುವುದಿಲ್ಲ. "ಘಟಕದ ಕೆಮ್ಮು, ಎಲ್ಲರಿಗೂ ಇರೋದೇ" ಎನ್ನುತ್ತಾರೆ. ಐವತ್ತು ದಾಟಿದ ಒಬ್ಬ ರೀಲರ್ ಅಮ್ಮ ಬೇರೆಡೆ ಬರೆಸಿಕೊಂಡ ಹನಿ ಹಾಕಲು ಶುರುಮಾಡಿದ ಮೇಲೆ ಅವರ ಇನ್ಹೇಲರ್ ಡೋಸು ಏರುತ್ತಲೇ ಹೋಗಿತ್ತು. ದಮ್ಮಿನ ವೈದ್ಯರಿಗೆ ಅವರು ಹನಿಯ ವಿಷಯ ಹೇಳಿರಲಿಲ್ಲ. ಅದೂ ಒಂದು ಔಷಧ ಎಂದು ಅವರಿಗೆ ತೋಚಿರಲೇ ಇಲ್ಲ. ಬಾಟಲಿಯ ಮೇಲೆ ದೊಡ್ಡದಾಗಿ ಬೇರೆ ಹೆಸರಿತ್ತು, ಟಿಮೊಲಾಲ್ ಇದ್ದದ್ದು ಕೆಳಗೆ ಸಣ್ಣಕ್ಷರದಲ್ಲಿ. ಬ್ರಿಮೊನಿಡಿನ್, ಡಾರ್ಜೊಲಮೈಡ್, ಲ್ಯಾಟನೊಪ್ರೋಸ್ಟ್ ಎಲ್ಲವೂ ಟಿಮೊಲಾಲ್ ಜೊತೆ ಬೆರೆತ ಹನಿಯಾಗಿ ಸಿಗುತ್ತವೆ. ಹನಿ ಬದಲಿಸಿದೆವು, ಉಸಿರು ಹಗುರವಾಯಿತು.

ಸಲ್ಫಾ ಪ್ರಶ್ನೆಗೆ ಹಳೆಯ ಕಥೆಯೊಂದಿದೆ. 1930ರ ದಶಕದಲ್ಲಿ ಬಳಕೆಗೆ ಬಂದ ಸಲ್ಫಾ ಆ್ಯಂಟಿಬಯೋಟಿಕ್ ಕೊಟ್ಟವರಲ್ಲಿ ಮೂತ್ರ ಹೆಚ್ಚುವುದು, ರಕ್ತದ ಆಮ್ಲೀಯತೆ ಏರುವುದು ಕಂಡಿತು. ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ತಡೆಯಾಗುವುದೇ ಅದಕ್ಕೆ ಕಾರಣ. ಅದೇ ಕಿಣ್ವ ಕಣ್ಣಿನ ದ್ರವ ಒಸರಲೂ ಬೇಕು. ಆ ಜಾಡು ಹಿಡಿದು ಅಸೆಟಜೊಲಮೈಡ್ ಮಾತ್ರೆ ಬಂತು, 1954ರಲ್ಲಿ ಗ್ಲಾಕೋಮಾಕ್ಕೆ ಬಳಸಿದ ವರದಿ ಬಂತು. ಡಾರ್ಜೊಲಮೈಡ್, ಬ್ರಿಂಜೊಲಮೈಡ್ ಹನಿಗಳೂ ಇದೇ ವಂಶ. ಹನಿ ಹಾಕಿದ ಮೇಲೆ ಬಾಯಿ ಕಹಿಯಾಗುವುದು, ಮಾತ್ರೆ ನುಂಗಿದರೆ ಬೆರಳ ತುದಿ ಜುಮ್ಮೆನ್ನುವುದು ಇವುಗಳ ಗುರುತು. ಸಲ್ಫಾ ಆ್ಯಂಟಿಬಯೋಟಿಕ್ ಒಗ್ಗದವರಿಗೆಲ್ಲ ಇವು ಒಗ್ಗುವುದಿಲ್ಲ ಎಂದೇನಿಲ್ಲ, ಆ ಅಪಾಯ ಸಣ್ಣದು. ಆದರೆ ಹಿಂದೆ ಜೋರಾಗಿ ಅಲರ್ಜಿ ಆಗಿದ್ದರೆ ಹೇಳಲೇಬೇಕು.

ಆ್ಯಂಟಿಬಯೋಟಿಕ್ ಹನಿಗಳ ವಿಷಯದಲ್ಲಿ ನನ್ನ ಸಿಟ್ಟು ಬೇರೆಯೇ. ಪ್ರತಿ ಬೆಳೆಗೆ ಮುಂಚೆ ರೇಷ್ಮೆ ಹುಳು ಮನೆಗೆ ಬ್ಲೀಚಿಂಗ್ ಪೌಡರ್ ಹಾಕಿ ಸೋಂಕು ತೆಗೆಯುತ್ತಾರೆ, ಕಣ್ಣು ಉರಿದು ಕೆಂಪಾಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ 'ಕೆಂಪಿಗೆ ಡ್ರಾಪ್ಸ್' ಕೇಳಿದರೆ ಸಿಗುವುದು ಸಿಪ್ರೊಫ್ಲಾಕ್ಸಸಿನ್ ಅಥವಾ ಮಾಕ್ಸಿಫ್ಲಾಕ್ಸಸಿನ್ ಜೊತೆ ಡೆಕ್ಸಾಮೆಥಸೋನ್ ಬೆರೆತದ್ದು. ಮೊದಲಿನವು ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಲು ಬೇಕಾದ ಕಿಣ್ವವನ್ನು ಕಟ್ಟಿಹಾಕುತ್ತವೆ. ಟೊಬ್ರಾಮೈಸಿನ್, ಕ್ಲೋರಂಫೆನಿಕಾಲ್ ಅದರ ಪ್ರೋಟೀನು ತಯಾರಿಕೆಯನ್ನು ಕೆಡಿಸುತ್ತವೆ. ಬ್ಯಾಕ್ಟೀರಿಯಾ ಇದ್ದರೆ ತಾನೇ ಇವುಗಳಿಗೆ ಕೆಲಸ? ಬ್ಲೀಚಿಂಗ್ ಉರಿಯಲ್ಲಿ ಅದಿಲ್ಲ. ಊರೆಲ್ಲ ಹಬ್ಬುವ ಮದ್ರಾಸ್ ಐ ಹೆಚ್ಚಾಗಿ ವೈರಸ್ಸಿನದು. ಕೆಂಪು ಇಳಿಸುವುದು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್. ಬೇಗ ಇಳಿಸುತ್ತದೆ, ಅದಕ್ಕೇ ಜನ ಅದನ್ನೇ ಮತ್ತೆ ಮತ್ತೆ ತರುತ್ತಾರೆ. ವಾರಗಟ್ಟಲೆ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ದ್ರವ ಹೊರಹೋಗುವ ದಾರಿ ಕಟ್ಟಿ ಒತ್ತಡ ಏರುತ್ತದೆ. ನೋವಿಲ್ಲ, ಸುಳಿವಿಲ್ಲ. ಗ್ಲಾಕೋಮಾ ಇರುವವರಿಗೆ, ಅವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಈ ಅಪಾಯ ಇನ್ನೂ ಹೆಚ್ಚು. ಹಿಪ್ಪುನೇರಳೆ ಕಡ್ಡಿ ಅಥವಾ ಹುಲ್ಲು ತಾಗಿದ ಕಣ್ಣಿಗೆ ಇದನ್ನು ಹಾಕುವುದಂತೂ ಘೋರ. ಅಂಥ ಗಾಯದಲ್ಲಿ ಶಿಲೀಂಧ್ರ ಬೆಳೆಯಬಹುದು, ಅದಕ್ಕೆ ಬೇಕಾದದ್ದು ನ್ಯಾಟಮೈಸಿನ್. ಸ್ಟೀರಾಯ್ಡ್ ಬಿದ್ದರೆ ಕಪ್ಪುಗುಡ್ಡೆ ಕರಗಿಹೋಗಬಹುದು.

ಹನಿ ಹಾಕುವ ಕ್ರಮವೂ ಮುಖ್ಯ. ಒಂದು ಹನಿ ಸಾಕು, ಎರಡನೆಯದನ್ನು ಹಿಡಿದಿಡಲು ಕಣ್ಣಲ್ಲಿ ಜಾಗವಿಲ್ಲ. ಹಾಕಿದ ಕೂಡಲೇ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿಹಿಡಿದರೆ ರಕ್ತಕ್ಕೆ ಸೇರುವ ಪಾಲು ಗಣನೀಯವಾಗಿ ಇಳಿಯುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ. ಯಾವ ವೈದ್ಯರ ಬಳಿ ಹೋದರೂ, ಹಲ್ಲು ಕೀಳಿಸಲು ಹೋದರೂ, ಬಾಟಲಿ ಚೀಲದಲ್ಲಿರಲಿ. ಲ್ಯಾಟನೊಪ್ರೋಸ್ಟ್‌ನ ಸಾಮಾನ್ಯ ಬಾಟಲಿಯನ್ನು ತೆರೆಯುವ ತನಕ ಫ್ರಿಜ್‌ನಲ್ಲಿಡಬೇಕು. ತೆರೆದ ಮೇಲೆ 25 ಡಿಗ್ರಿ ಮೀರದ ಕಡೆ ಇಟ್ಟು, ಚೀಟಿಯಲ್ಲಿ ಹೇಳಿದಷ್ಟು ವಾರ ಮಾತ್ರ ಬಳಸಬೇಕು. ತೆರೆದ ತಾರೀಖನ್ನು ಬಾಟಲಿಯ ಮೇಲೆ ಬರೆದುಕೊಳ್ಳಿ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಸಂಕೋಚಪಡದೆ ಹೇಳಿ. ಅದು ಬೇಡದ ಹನಿಗಳೂ ಇದೇ ಬಳಗದಲ್ಲಿವೆ, ಅದನ್ನೇ ಬರೆದುಕೊಡುತ್ತೇವೆ.