ಸಾಹುಕಾರರು ಅರ್ಧ ಮಾತು ಹೇಳಿ ಹೋದಾಗ

ಗಂಗಾವತಿಯ ಅಕ್ಕಿ ಗಿರಣಿಗಳ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುವುದು ನನ್ನ ಕಸುಬು. ಸುಗ್ಗಿ ಬಂತೆಂದರೆ ಬಿ.ಕಾಂ. ಮುಗಿಸಿದ ಹುಡುಗರು ಕೆಲಸ ಕೇಳಿಕೊಂಡು ಬರುತ್ತಾರೆ. ಡೆಬಿಟ್, ಕ್ರೆಡಿಟ್ ಕೇಳಿದರೆ ಥಟ್ಟನೆ ಹೇಳುತ್ತಾರೆ. ಕಾಟಾ ಚೀಟಿ, ಅಂದರೆ ಲಾರಿ ತೂಗಿದ ಚೀಟಿ, ಕೈಗಿಟ್ಟರೆ ಮುಖ ನೋಡುತ್ತಾರೆ. ಇಂಟರ್ನ್‌ಶಿಪ್ ಮಾಡಿಲ್ಲವೇನಪ್ಪ ಅಂದರೆ, ಗುರುತಿನವರ ಅಂಗಡಿಯಲ್ಲಿ ಸೀಲು ಒತ್ತಿಸಿಕೊಂಡ ವರದಿ ತೆಗೆಯುತ್ತಾರೆ.

ಹಾಗಾಗಿ ಮೂರು ವರ್ಷದಿಂದ ತಿಂಗಳಿಗೆ ಎರಡು ಶನಿವಾರ, ಕಾಲೇಜೊಂದರ ಕೊನೇ ವರ್ಷದ ಮಕ್ಕಳಿಗೆ ಅವರದೇ ಕ್ಲಾಸಿನಲ್ಲಿ ಗಿರಣಿಯ ಆಫೀಸು ಹೂಡುತ್ತಿದ್ದೇನೆ. ಭತ್ತ ಇಲ್ಲ, ಲಾರಿ ಇಲ್ಲ. ಚೀಟಿಗಳು ಮಾತ್ರ ಹೆಸರು ಅಳಿಸಿದ ಅಸಲಿ ಚೀಟಿಗಳು. ಒಬ್ಬ ಕಾಟಾಕ್ಕೆ, ಒಬ್ಬಳು ಖರೀದಿಗೆ, ಇಬ್ಬರು ಬಿಲ್ಲಿಗೆ, ಒಬ್ಬ ಗಲ್ಲಾಕ್ಕೆ. ಸಾಹುಕಾರ ನಾನು. ಸಾಹುಕಾರರ ಹಾಗೆಯೇ ಅರ್ಧ ಮಾತು ಹೇಳಿ ಎದ್ದು ಹೋಗುತ್ತೇನೆ.

"ಸಾವಿರದ ಆರನೂರ ಐವತ್ತರಂಗ ಹಾಕ್ರಿ" ಅನ್ನುತ್ತೇನೆ. ಚೀಟಿಯಲ್ಲಿ ನಿವ್ವಳ ತೂಕ 6,000 ಕೆ.ಜಿ. ಅದನ್ನು 60 ಕ್ವಿಂಟಲ್ ಮಾಡಿ ಗುಣಿಸಿ 99,000 ರೂಪಾಯಿ ಬರೆಯುತ್ತಾರೆ. ಸರ್ಕಾರ ಬೆಂಬಲ ಬೆಲೆ ಹೇಳುವುದು ಕ್ವಿಂಟಲ್‌ಗೆ, ಸರಿ. ಆದರೆ ನಮ್ಮ ಪೇಟೆಯಲ್ಲಿ ಭತ್ತದ ದರ ಹೇಳುವುದು 75 ಕೆ.ಜಿ. ಚೀಲಕ್ಕೆ. 80 ಚೀಲ, 1,32,000 ರೂಪಾಯಿ. ಒಮ್ಮೆ ರೈತನ ಪಾತ್ರಕ್ಕೆ ಕೂರಿಸಿದ್ದ ಕಾರಟಗಿ ಕಡೆಯ ಹುಡುಗ ಎದ್ದೇಬಿಟ್ಟ: "ಏಯ್, ನಮ್ಮ ಮೂವತ್ಮೂರು ಸಾವಿರ ಎಲ್ಲಿ ಹೋತಲೇ?" ಅವನ ಮನೆಯಲ್ಲಿ ವರ್ಷಕ್ಕೆರಡು ಸಲ ನಡೆಯುವ ಲೆಕ್ಕ ಅದು. ಮೂರು ವರ್ಷದ ಡಿಗ್ರಿಯಲ್ಲಿ ಒಂದು ಸಲವೂ ಬೋರ್ಡಿನ ಮೇಲೆ ಬಂದಿರಲಿಲ್ಲ.

ತೆರಿಗೆಯೂ ಅಷ್ಟೇ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ. ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡದ್ದು ಅದಕ್ಕೇ. ಆ ಚೀಲ ಹೊತ್ತು ಮನೆಗೆ ತಂದ ಮಕ್ಕಳೇ ಇವರು.

ಇದೆಲ್ಲ ಹೇಳಿಕೊಟ್ಟರೆ ಬರುತ್ತದೆ. ಬಾರದಿರುವುದು ಬೇರೆ.

ಒಂದು ಶನಿವಾರ 25 ಕೆ.ಜಿ. ಚೀಲಗಳ ಲೋಡಿಗೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಬೇಕಾದ ಜಿಎಸ್‌ಟಿಯ ಆನ್‌ಲೈನ್ ರಹದಾರಿ, ಮಾಡುವ ಕೆಲಸ. ಮಾಲಿನ ಬೆಲೆ 50,000 ದಾಟಿತ್ತು, ಬಿಲ್ ಬೇಕೇ ಬೇಕು. ಗದ್ದಲದ ನಡುವೆ ನಿಂತು ಫೋನಿನಲ್ಲಿ ಗಾಡಿ ನಂಬರು ಹೇಳಿದೆ. ಬಿಲ್ಲಿನ ಹುಡುಗಿ ಕೊನೆಯ 68ನ್ನು 86 ಎಂದು ಬರೆದಳು. ಕಾಲು ಗಂಟೆಯ ಮೇಲೆ ಕಾಟಾ ಚೀಟಿಗೆ ತಾಳೆ ನೋಡುವಾಗ ಅವಳಿಗೇ ಗೊತ್ತಾಯಿತು. ಆಚೀಚೆ ನೋಡಿದಳು. ಫೈಲು ಮುಚ್ಚಿದಳು. ನಾನು ಹಿಂದಿನ ಬೆಂಚಿನಿಂದ ನೋಡುತ್ತಲೇ ಇದ್ದೆ. ಸಂಜೆ ಕೇಳಿದ್ದಕ್ಕೆ, "ಬೈತೀರೇನೋ ಅಂತ ಅಂಜಿದ್ನಿರಿ ಸರ" ಅಂದಳು.

ಇ-ವೇ ಬಿಲ್ಲಿನ ಎರಡನೇ ಭಾಗದಲ್ಲಿ ಗಾಡಿ ನಂಬರು ಬದಲಿಸುವುದು ಎರಡು ನಿಮಿಷದ ಕೆಲಸ. ಲಾರಿ ತಡೆದ ಮೇಲೆ ಸಿಕ್ಕಿಬಿದ್ದರೂ, ಉಳಿದ ಕಾಗದ ಸರಿಯಿದ್ದು ತಪ್ಪು ಒಂದೆರಡು ಅಂಕಿಯದೇ ಆಗಿದ್ದರೆ, 2018ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ದಂಡ ಒಟ್ಟು 1,000 ರೂಪಾಯಿ. ಆದರೆ ಲಾರಿ ಅರ್ಧ ದಿನ ನಿಲ್ಲುತ್ತದೆ, ಡ್ರೈವರ್ ಬೈಯುತ್ತಾನೆ, ಅತ್ತ ಮಾಲು ಕೊಂಡವನು ಫೋನ್ ಮೇಲೆ ಫೋನ್ ಮಾಡುತ್ತಾನೆ. ಕೆಲಸಕ್ಕೆ ಸೇರಿದ ಹೊಸ ಹುಡುಗರು ಕೆಲಸ ಬಿಡುವುದು ಇಂಥ ದಿನಗಳಲ್ಲೇ, ಲೆಕ್ಕ ಬಾರದ್ದಕ್ಕಲ್ಲ.

ನನ್ನದೂ ತಪ್ಪಿತ್ತು. ಪ್ರತಿ ತಪ್ಪಿಗೂ ಒಂದು ಅಂಕ ಕಳೆಯುತ್ತಿದ್ದೆ. ಹಾಗಾದರೆ ಯಾರು ಬಾಯಿ ಬಿಡುತ್ತಾರೆ? ಈಗ ಹಲಗೆಯ ಮೇಲೆ ಎರಡೇ ಸಾಲು: ತಪ್ಪು ಗೊತ್ತಾದ ಹೊತ್ತು, ಅದನ್ನು ಹೇಳಿದ ಹೊತ್ತು. "ಇದಕ್ಕ ಮಾರ್ಕ್ಸ್ ಹೆಂಗ್ ಹಾಕೋದ್ರಿ?" ಎಂದು ಮೇಷ್ಟ್ರೊಬ್ಬರು ಇನ್ನೂ ಕೇಳುತ್ತಿದ್ದಾರೆ.

ಮುಂದಿನ ಸಲ ಬೇಕೆಂದೇ ನಂಬರು ಗಡಬಡಿಸಿ ಹೇಳಿದೆ. 12.10ಕ್ಕೆ ಅದೇ ಹುಡುಗಿ ಚೀಟಿ ಹಿಡಿದು ಬಂದಳು. "ಸರ, ಗಾಡಿ ನಂಬರ್ ತಪ್ಪು ಹಾಕೀನ್ರಿ. ಬದ್ಲಿ ಮಾಡ್ಲೇನ್ರಿ?" ನಾನು ಫೋನಿನಲ್ಲಿದ್ದವನಂತೆ ನಟಿಸಿ, ಆಮೇಲೆ ಬಾ ಎಂದು ಕೈಸನ್ನೆ ಮಾಡಿದೆ. ಅವಳು ಹೋಗಲಿಲ್ಲ. ಚೀಟಿಯನ್ನು ನನ್ನ ಕಣ್ಣಿನ ಮುಂದೆಯೇ ಹಿಡಿದು ನಿಂತಳು.