ಕೂಗುವವನಿಗೆ ಹೆದರುತ್ತೀರಿ, ಕಾಗದವನ್ನು ವಾಪಸ್ ಕಳಿಸುತ್ತೀರಿ

ಹೋದ ತಿಂಗಳು ಒಬ್ಬ ಹೆಣ್ಣುಮಗಳು ನನ್ನ ಆಫೀಸಿಗೆ ಬಂದು ಬಟ್ಟೆ ಅಂಗಡಿಯ ಚೀಲವೊಂದನ್ನು ಮೇಜಿನ ಮೇಲೆ ಇಟ್ಟರು. ಒಳಗೆ ಹನ್ನೊಂದು ಕವರುಗಳಿದ್ದವು. ಒಂಬತ್ತನ್ನು ಒಡೆದೇ ಇರಲಿಲ್ಲ.

"ಒಡೆದು ನೋಡಲಿಲ್ವೇನಮ್ಮ?" ಅಂದೆ.

"ನೋಡಿದ್ರೆ ರಾತ್ರಿ ನಿದ್ದೆ ಬರಲ್ಲ ಸಾರ್. ಅದಕ್ಕೇ ಅಕ್ಕಿ ಡಬ್ಬದ ಹಿಂದೆ ಇಟ್ಟುಬಿಟ್ಟಿದ್ದೆ."

ಊರಲ್ಲಿ ಬಟ್ಟೆ ಹೊಲಿಯುತ್ತಾರೆ. ನಾಲ್ಕು ಸಂಘಗಳಲ್ಲಿ, ಅಂದರೆ ಮೈಕ್ರೋಫೈನಾನ್ಸ್ ಕಂಪನಿಗಳಲ್ಲಿ, ಸಾಲ. ಮೊದಲನೆಯದು ಮಗಳ ಆಸ್ಪತ್ರೆ ಖರ್ಚಿಗೆ, ಎರಡನೆಯದು ಮೊದಲನೆಯದರ ಕಂತು ಕಟ್ಟೋದಕ್ಕೆ, ಉಳಿದೆರಡೂ ಹಾಗೇ. ಮೇಲೊಂದು ಖಾಸಗಿ ಫೈನಾನ್ಸಿನ ಪ್ರೋನೋಟು ಸಾಲ. ವಾರದ ಕಂತು ತಪ್ಪಿದ ಮೇಲೆ ವಸೂಲಿಯ ಹುಡುಗರು ಬಂದು ಜಗಲಿ ಮೇಲೆ ಕೂತರು. "ಹೊಲಿಗೆ ಮಿಷನ್ ಎತ್ಕೊಂಡು ಹೋಗ್ತೀವಿ, ಪೊಲೀಸರನ್ನ ಕರೆಸ್ತೀವಿ" ಅಂದರು. ಈಕೆ ಹೆದರಿ ಹದಿನೈದು ದಿನ ತವರಿಗೆ ಹೋಗಿ ಕೂತುಬಿಟ್ಟರು.

ಕವರುಗಳನ್ನು ಒಂದೊಂದಾಗಿ ಒಡೆದೆ. ಹತ್ತು ಬರೀ ಕಂಪನಿಗಳ ನೆನಪೋಲೆ. ಹನ್ನೊಂದನೆಯದು ಸಿವಿಲ್ ಕೋರ್ಟಿನ ಸಮನ್ಸ್. ವಾಯಿದೆ ಆರು ದಿನದ ಹಿಂದೆ ಮುಗಿದಿತ್ತು.

ಮಂಡ್ಯ ಜಿಲ್ಲೆಯ ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನಗೆ ಇದನ್ನು ನೋಡಿ ನೋಡಿ ಸಾಕಾಗಿದೆ. ಜಗಲಿ ಮೇಲೆ ಕೂತು ಕೂಗುವವನಿಗೆ ಕಾನೂನಿನಲ್ಲಿ ಹೆಚ್ಚೇನೂ ಅಧಿಕಾರವಿಲ್ಲ. ಅವನಿಗೆ ಹೆದರಿ ಜನ ಊರು ಬಿಡುತ್ತಾರೆ. ಅಂಚೆಯಲ್ಲಿ ಸದ್ದಿಲ್ಲದೆ ಬರುವ ಕಾಗದಕ್ಕೆ ಅಧಿಕಾರವಿದೆ. ಅದನ್ನು ಒಡೆಯುವುದೇ ಇಲ್ಲ. ಇನ್ನೂ ಕೆಲವರು ತೆಗೆದುಕೊಳ್ಳದೆ ವಾಪಸ್ ಕಳಿಸುತ್ತಾರೆ, ಕಳಿಸಿ ಗೆದ್ದೆವು ಅಂದುಕೊಳ್ಳುತ್ತಾರೆ.

ಈ ವಾಪಸ್ ಕಳಿಸುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ವರ್ಷದ ಹಿಂದೆ ಆಲೆಮನೆ ನಡೆಸುವ ಯಜಮಾನರೊಬ್ಬರು ಬಂದಿದ್ದರು. ಗಾಣದ ರಿಪೇರಿಗೆ ಅಂತ ಮೂರು ಲಕ್ಷ ಕೈಸಾಲ ಮಾಡಿ, ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಿದ್ದರು. ಬೆಲ್ಲದ ರೇಟು ಬಿದ್ದು ಸಾಲ ತೀರಿಸಲು ಆಗಲಿಲ್ಲ. ಚೆಕ್ ಬೌನ್ಸ್ ಆಯಿತು, ನೋಟಿಸ್ ಬಂತು. "ಪೋಸ್ಟ್‌ಮ್ಯಾನ್ ನಮ್ಮೋನೇ ಸಾರ್. ಬೇಡ ಅಂದೆ, ಬರ್ಕೊಂಡು ವಾಪಸ್ ಕಳಿಸ್ದ. ನೋಟಿಸೇ ಮುಟ್ಟಿಲ್ವಲ್ಲ, ಕೇಸು ಹೆಂಗೆ ನಿಲ್ಲುತ್ತೆ?" ಅಂತ ನನ್ನನ್ನೇ ಕೇಳಿದರು.

ನಿಲ್ಲುತ್ತದೆ. ಸರಿಯಾದ ವಿಳಾಸಕ್ಕೆ ಕಳಿಸಿದ ನೋಟಿಸಿನ ಮೇಲೆ 'ಪಡೆಯಲು ನಿರಾಕರಿಸಿದ್ದಾರೆ' ಅಂತ ಷರಾ ಬಿದ್ದರೆ, ಅದು ನಿಮ್ಮ ಕೈ ಸೇರಿದೆ ಅಂತಲೇ ಕೋರ್ಟು ಭಾವಿಸುತ್ತದೆ. 'ಮನೆ ಬೀಗ ಹಾಕಿದೆ' ಅಂತ ಬರೆಸಿದರೂ ಸಾಮಾನ್ಯವಾಗಿ ಅದೇ ಗತಿ. ಹಾಗಲ್ಲ ಅಂತ ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಚೆಕ್ ಕೇಸಿನಲ್ಲಿ ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು 15 ದಿನ ಕಾಲಾವಕಾಶ ಇರುತ್ತದೆ. ಅಷ್ಟರಲ್ಲಿ ಕೊಟ್ಟರೆ ಕೇಸೇ ಹುಟ್ಟುವುದಿಲ್ಲ. ಪೂರ್ತಿ ಕೊಡಲಾಗದಿದ್ದರೂ ಮಾತಾಡಲು, ಉತ್ತರ ಬರೆಯಲು, ಮೊತ್ತ ತಪ್ಪಿದ್ದರೆ ತಪ್ಪು ಎನ್ನಲು ಅದೇ ಸಮಯ. ನೋಟಿಸ್ ಬೇಡ ಅಂದವರು ಆ 15 ದಿನವನ್ನೂ ಬೇಡ ಅಂದಂತೆ ಆಯಿತು. ಆ ಗಡುವು ಮುಗಿದು ಒಂದು ತಿಂಗಳೊಳಗೆ ಸಾಲ ಕೊಟ್ಟವರು ದೂರು ಹಾಕಬಹುದು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. 'ಖಾಲಿ ಚೆಕ್ ಕೊಟ್ಟಿದ್ದೆ, ಮೊತ್ತ ಅವರೇ ಬರೆದುಕೊಂಡರು' ಅನ್ನುವ ಮಾತು ಒಂದೇ ನಿಮ್ಮನ್ನು ಕಾಯುವುದಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಸ್ಪಷ್ಟ ಮಾಡಿದೆ.

ಯಜಮಾನರಿಗೆ ಒಂದು ಬಾಗಿಲು ಉಳಿದಿತ್ತು. ನೋಟಿಸ್ ನನಗೆ ಮುಟ್ಟಿಲ್ಲ ಅನ್ನುವವರು ಸಮನ್ಸ್ ಬಂದ 15 ದಿನದೊಳಗೆ ಕೋರ್ಟಿನಲ್ಲಿ ಚೆಕ್ಕಿನ ಹಣ ಕಟ್ಟಿ, ಕೇಸು ವಜಾ ಮಾಡಿ ಅಂತ ಕೇಳಬಹುದು ಎಂದು 2007ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅವರು ಸಮನ್ಸನ್ನೂ ವಾಪಸ್ ಕಳಿಸಿದ್ದರು. ವಾರಂಟ್ ಆಗಿ ಪೇದೆ ಆಲೆಮನೆಗೆ ಬಂದ ಮೇಲೆ ನನ್ನ ಹತ್ತಿರ ಬಂದದ್ದು. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು, ಕಂತಿನ ಮೇಲೆ ಕಟ್ಟಿ ಮುಗಿಸಿದರು. ಅದೇ ರಾಜಿ ಒಂದೂವರೆ ವರ್ಷ ಮೊದಲೇ, ವಾರಂಟಿನ ಅವಮಾನ ಇಲ್ಲದೆ ಆಗಬಹುದಿತ್ತು. ಅರವತ್ತೆರಡು ವರ್ಷದ ಮನುಷ್ಯ, ಊರಲ್ಲಿ ಪಂಚಾಯ್ತಿ ಮಾಡುತ್ತಿದ್ದವರು. ಅವತ್ತು ನನ್ನೆದುರು ತಲೆ ಎತ್ತಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುತ್ತದೆ.

ಮನೆ ಅಡವಿಟ್ಟ ಬ್ಯಾಂಕ್ ಸಾಲದಲ್ಲೂ ಇದೇ ಕಥೆ. ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ಜಪ್ತಿ ಮಾಡಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ ಮೊದಲ ನೋಟಿಸ್‌ನಲ್ಲಿ 60 ದಿನ ಕೊಡುತ್ತಾರೆ. ಆ ಅವಧಿಯಲ್ಲಿ ನೀವು ಆಕ್ಷೇಪಣೆ ಬರೆದರೆ ಬ್ಯಾಂಕು 15 ದಿನದೊಳಗೆ ಉತ್ತರ ಕೊಡಲೇಬೇಕು. ಜಪ್ತಿಗೆ ಕೈ ಹಾಕಿದ ಮೇಲೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅನ್ನುವುದು ಎಷ್ಟೋ ರೈತರಿಗೆ ಗೊತ್ತಿಲ್ಲ. ಈ ಎಲ್ಲದರಲ್ಲೂ ದಿನ ಎಣಿಸುವುದೇ ಮುಖ್ಯ. ಕವರ್ ಒಡೆಯದವರು ಎಲ್ಲಿಂದ ಎಣಿಸುತ್ತಾರೆ?

ಈಗ ಜಗಲಿ ಮೇಲೆ ಕೂತವನ ವಿಷಯ. ಸಾಲ ತೀರಿಸಲು ಆಗದಿರುವುದು ಅಪರಾಧವಲ್ಲ, ಅದು ಸಿವಿಲ್ ವ್ಯವಹಾರ. ಮೋಸದ ಉದ್ದೇಶ ಇದ್ದರೆ, ಚೆಕ್ ಇದ್ದರೆ ಮಾತು ಬೇರೆ. ಕೋರ್ಟಿನ ಡಿಕ್ರಿ, ಅಂದರೆ ಹಣ ಕಟ್ಟಿ ಅನ್ನುವ ತೀರ್ಪು, ಆದ ಮೇಲೂ ಕೈಲಾಗದ ಬಡವನನ್ನು ಬಡತನಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ 1980ರಲ್ಲೇ ತೀರ್ಪು ಕೊಟ್ಟಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸಲೇಬಾರದು, ಇದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಅದೇ ಸಂಹಿತೆಯ ಪ್ರಕಾರ ಅಡುಗೆ ಪಾತ್ರೆ, ಹಾಸಿಗೆ, ಮೈಮೇಲಿನ ಬಟ್ಟೆ, ಧರ್ಮದ ರೂಢಿಯಂತೆ ಹೆಣ್ಣು ತೆಗೆಯಬಾರದ ಒಡವೆ, ಕಸುಬಿನವರ ಉಪಕರಣ ಇವನ್ನು ಜಪ್ತಿ ಮಾಡುವಂತಿಲ್ಲ. ಚೀಲ ತಂದಿದ್ದ ಆ ತಾಯಿಗೆ ಇದನ್ನೇ ಹೇಳಿದೆ. "ಕೋರ್ಟಿನ ಅಮೀನರೇ ಮುಟ್ಟಬಾರದ ಮಿಷನ್ನನ್ನ ಆ ಹುಡುಗ ಹೆಂಗಮ್ಮ ಎತ್ಕೊಂಡು ಹೋಗ್ತಾನೆ?" ಹಾಗಂತ ಮಿಷನ್ನಿನ ಮೇಲೆಯೇ ಸಾಲ ಮಾಡಿ ಅದನ್ನೇ ಆಧಾರ ಇಟ್ಟಿದ್ದರೆ ಕರಾರು ಪತ್ರ ನೋಡದೆ ನಾನು ಏನೂ ಹೇಳಲಾರೆ.

ಸಂಘದ ಸಾಲಕ್ಕೆ, ಅಂದರೆ ಮೈಕ್ರೋಫೈನಾನ್ಸ್‌ಗೆ, 2022ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ವಸೂಲಿ ನಡೆಯಬೇಕಾದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಅಲ್ಲಿಗೆ ನೀವು ಸತತವಾಗಿ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಅದಕ್ಕೇ ಹೇಳುವುದು, ಹಣ ಇಲ್ಲದಿದ್ದರೂ ಸೆಂಟರ್ ಮೀಟಿಂಗ್‌ಗೆ ಹೋಗಿ, ಇಲ್ಲ ಅಂತ ಅಲ್ಲೇ ಹೇಳಿ. ತಪ್ಪಿಸಿಕೊಂಡರೆ ಮನೆ ಬಾಗಿಲಿಗೆ ಬರುವ ಹಕ್ಕನ್ನು ನೀವೇ ಅವರಿಗೆ ಕೊಟ್ಟಂತೆ. ಬೈಯುವುದು, ಬೆದರಿಸುವುದು, ನೆಂಟರಿಗೆ ಫೋನ್ ಮಾಡಿ ಕಾಡುವುದು, ಸಾಲಗಾರರ ಹೆಸರು ಬಹಿರಂಗ ಮಾಡುವುದು ಎಲ್ಲವೂ ನಿಷಿದ್ಧ. ಕಂಪನಿಯ ಪರವಾಗಿ ಬರುವ ಏಜೆಂಟರ ಹತ್ತಿರ ಗುರುತಿನ ಚೀಟಿ, ಅಧಿಕಾರ ಪತ್ರ ಇರಬೇಕು. ಕೇಳಿ, ಫೋಟೊ ತೆಗೆದುಕೊಳ್ಳಿ. ಇತರ ಬ್ಯಾಂಕ್ ಸಾಲಗಳಿಗೂ ಇಂಥದ್ದೇ ನಿಯಮ ಇದೆ, ಫೋನಿನ ಹೊತ್ತು ಮಾತ್ರ ಬೇರೆ.

ಕಿರುಕುಳ ಕೊಟ್ಟರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಖರ್ಚಿಲ್ಲ. ವಿಚಾರಿಸಲು 14448. ಕೈ ಮಾಡಿದರೆ, ಬೆದರಿಸಿದರೆ 30 ದಿನ ಕಾಯಬೇಕಿಲ್ಲ, ನೇರ ಠಾಣೆಗೆ ಹೋಗಿ. 2025ರ ಆರಂಭದಲ್ಲಿ ಚಾಮರಾಜನಗರದ ಕಡೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದ ಮೇಲೆ ನಮ್ಮ ರಾಜ್ಯ ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದರ ಮರುದಿನದಿಂದಲೇ "ಸಂಘದ ಸಾಲ ಮನ್ನಾ ಆಯ್ತಂತೆ ಹೌದಾ ಸಾರ್?" ಅಂತ ಫೋನುಗಳು ಶುರುವಾದವು. ಆಗಿಲ್ಲ. ಮನ್ನಾದ ಮಾತು ಇದ್ದದ್ದು ನೋಂದಣಿ, ಲೈಸೆನ್ಸ್ ಇಲ್ಲದವರು ಕೊಟ್ಟ ಸಾಲಕ್ಕೆ. ನೋಂದಾಯಿತ ಬ್ಯಾಂಕು, ಕಂಪನಿಯ ಸಾಲ ಸಾಲವೇ.

ವಾಟ್ಸ್ಆ್ಯಪ್‌ನಲ್ಲಿ ಬರುವ 'ಕೋರ್ಟ್ ನೋಟಿಸ್' ನೋಡಿ ಅಳುತ್ತಾ ಬರುವವರೂ ಜಾಸ್ತಿ. ನಿಜವಾದ ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ ಇರುತ್ತದೆ. ನಮ್ಮ ರಾಜ್ಯದ ತಾಲ್ಲೂಕು, ಜಿಲ್ಲಾ ಕೋರ್ಟುಗಳದ್ದು 'ಕೆಎ' ಅಂತ ಶುರುವಾಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನಿಮ್ಮ ಮಕ್ಕಳಿಗೆ ಹೇಳಿದರೆ ನೋಡಿಕೊಡುತ್ತಾರೆ.

ಆ ತಾಯಿಯ ಸಮನ್ಸ್ ವಿಷಯಕ್ಕೆ ಬರುತ್ತೇನೆ. ಕೋರ್ಟು ಅವರನ್ನು ಎಕ್ಸ್‌ಪಾರ್ಟಿ ಇಟ್ಟಿತ್ತು, ಅಂದರೆ ಅವರಿಲ್ಲದೆಯೇ ಕೇಸು ಮುಂದುವರಿಸಿತ್ತು, ಡಿಕ್ರಿ ಆಗಿರಲಿಲ್ಲ. ಅರ್ಜಿ ಹಾಕಿದೆವು, ನ್ಯಾಯಾಧೀಶರು ಒಪ್ಪಿದರು. ಪ್ರತಿ ಸಲ ಹೀಗೇ ಆಗುತ್ತದೆ ಅಂತ ಭಾವಿಸಬೇಡಿ. ಸಂಘಗಳಿಗೆ ಅವರ ಕೈಯಲ್ಲೇ ಪತ್ರ ಬರೆಸಿದೆ. ತಿಂಗಳಿಗೆ ಎಷ್ಟು ದುಡಿಮೆ, ಮನೆಗೆ ಎಷ್ಟು ಬೇಕು, ಎಷ್ಟು ಕಟ್ಟಬಲ್ಲೆ, ಲೆಕ್ಕದ ಪಟ್ಟಿ ಕೊಡಿ, ಅಷ್ಟೇ. ಎರಡು ಕಂಪನಿ ಕಂತು ಇಳಿಸಲು ಒಪ್ಪಿದವು, ಒಂದು ಆಗಲ್ಲ ಅಂದಿತು, ಇನ್ನೊಂದು ಉತ್ತರವೇ ಕೊಟ್ಟಿಲ್ಲ. ಒಪ್ಪಲೇಬೇಕು ಅಂತ ಕಾನೂನಿಲ್ಲ. ಇನ್ನೊಂದು ಹೊಸ ಸಾಲ ಮಾಡಿ ಇವನ್ನೆಲ್ಲ ತೀರಿಸುವ ಯೋಚನೆ ಅವರಿಗಿತ್ತು. ಅದಕ್ಕೆ ಮಾತ್ರ ನಾನು ಸ್ವಲ್ಪ ಗದರಿದೆ.

ಹಣ ಕಟ್ಟಿದರೆ ರಸೀದಿ ತಗೊಳ್ಳಿ. ಸೆಟ್ಲ್‌ಮೆಂಟ್ ಮಾಡ್ತೀವಿ ಅಂದರೆ ಕಂಪನಿಯ ಪತ್ರ ಕೈಗೆ ಬಂದ ಮೇಲೆ ಕಟ್ಟಿ. ಬದುಕೇ ಬೇಡ ಅನ್ನಿಸುವಷ್ಟು ಮನಸ್ಸು ಕುಗ್ಗಿದ್ದರೆ ಸಾಲದ ಮಾತು ಆಮೇಲೆ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ವಕೀಲರ ಫೀಸಿಗೆ ಹೆದರಿ ಸುಮ್ನೆ ಕೂರಬೇಡಿ. ನಿಮ್ಮ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಹಾಯವಾಣಿ 15100.

ಬರುವಾಗ ಕಾಗದದ ಜೊತೆ ಕವರನ್ನೂ ತನ್ನಿ. ಅಂಚೆ ಮುದ್ರೆಯ ತಾರೀಕು ಇರುವುದು ಅದರ ಮೇಲೆ.